ಹೆಸರಿನ ಹಕ್ಕು

ಮನುಷ್ಯನಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ದೊರೆಯುವ ಮೊದಲ ಸಂಪತ್ತು ಅವನ ಹೆಸರು. ಮನೆ, ಹೊಲ, ಹಣ ಇವೆಲ್ಲವೂ ಕೈಬಿಟ್ಟು ಹೋಗಬಹುದು. ಹೆಸರು ಮಾತ್ರ ಕೊನೆಯವರೆಗೂ ಜೊತೆಗಿರುತ್ತದೆ. ವ್ಯಕ್ತಿಗೆ ಹೆಸರು ಹೇಗೋ ಜನಾಂಗಕ್ಕೂ ಹಾಗೆಯೇ. ಒಂದು ಜನಾಂಗದ ಭಾಷೆ, ಹಾಡು, ಹಬ್ಬ, ಕಷ್ಟ, ಕೀರ್ತಿ ಎಲ್ಲವೂ ಅದರ ಹೆಸರಿನಲ್ಲಿ ಅಡಗಿರುತ್ತವೆ. ಆದುದರಿಂದಲೇ ಆ ಹೆಸರನ್ನು ಯಾರಾದರೂ ಆದರದಿಂದ ನುಡಿದರೆ ಆ ಜನರ ಮನಸ್ಸು ಅರಳುತ್ತದೆ. ಹಾಸ್ಯಕ್ಕೆ ಬಳಸಿದರೆ ಮುದುಡುತ್ತದೆ.

ಆಟದ ಮೈದಾನದಲ್ಲಿ ಹೆಸರಿಗೆ ಇನ್ನೂ ಹೆಚ್ಚಿನ ಬೆಲೆಯುಂಟು. ಆಡುವವರು ಹನ್ನೊಂದು ಮಂದಿಯಾದರೆ ಅವರ ತಂಡದ ಹೆಸರನ್ನು ಕೂಗುವವರು ಸಾವಿರಾರು ಮಂದಿ. ಹುಲಿ, ಸಿಂಹ, ಗರುಡ ಮೊದಲಾದ ಹೆಸರುಗಳನ್ನು ತಂಡಗಳು ಇಟ್ಟುಕೊಳ್ಳುವುದುಂಟು. ಇದರಿಂದ ಹುಲಿಗೆ ಮಾನವೂ ಇಲ್ಲ, ಅವಮಾನವೂ ಇಲ್ಲ. ಆದರೆ ತಂಡದ ಹೆಸರು ಒಂದು ಜನಾಂಗದ ಹೆಸರಾಗಿದ್ದರೆ? ತಂಡದ ಲಾಂಛನ ಆ ಜನಾಂಗದ ಮುಖವೋ ಉಡುಪೋ ಆಗಿದ್ದರೆ? ಆಗ ಮೂರು ಪ್ರಶ್ನೆಗಳು ಏಳುತ್ತವೆ. ಆ ಹೆಸರನ್ನು ಇಟ್ಟವರು ಯಾರು? ಅದನ್ನು ಧರಿಸಿ ಆಡುವವರು ಯಾರು? ಹೆಸರಿನ ನಿಜವಾದ ಒಡೆಯರಿಗೆ ಅದು ಒಪ್ಪಿಗೆಯೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ಬಹು ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಿಂದಲೇ ಆರಂಭಿಸಬಹುದು.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವ ಮೊದಲು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಸಿಗುತ್ತದೆ. 1959ರಲ್ಲಿ ದಲೈ ಲಾಮಾ ಅವರು ಟಿಬೆಟನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟಿಯನ್ನರೂ ಹಿಮಾಲಯವನ್ನು ದಾಟಿ ಬಂದರು. ಅವರ ನೆಲೆಗಾಗಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆ ಭೂಮಿಯನ್ನು ನೀಡಿತು. 1960-61ರಲ್ಲಿ ಅಲ್ಲಿ ಮೊದಲ ನೆಲೆ ಆರಂಭವಾಯಿತು. 1969ರಲ್ಲಿ ಎರಡನೆಯದು ಸೇರಿತು. ಹಿಮದ ನಾಡಿನ ಜನ ಕಾಡು ಕಡಿದು, ಆನೆಗಳ ಭಯವನ್ನು ಎದುರಿಸಿ, ಮುಸುಕಿನ ಜೋಳವನ್ನು ಬೆಳೆಯಲು ಕಲಿತರು. ಅವರು ತಮ್ಮೊಡನೆ ತಂದ ವಸ್ತುಗಳು ಅತ್ಯಲ್ಪ. ಆದರೆ ತಮ್ಮ ಹೆಸರನ್ನು ಅವರು ಬಿಟ್ಟು ಬಂದಿರಲಿಲ್ಲ.

ಟಿಬೆಟಿಯನ್ ತರುಣರಿಗೆ ಫುಟ್‌ಬಾಲ್ ಅಚ್ಚುಮೆಚ್ಚಿನ ಆಟ. 1981ರಲ್ಲಿ ತೀರಿಕೊಂಡ ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ ಟಿಬೆಟಿಯನ್ನರು ಫುಟ್‌ಬಾಲ್ ಪಂದ್ಯಾವಳಿಯೊಂದನ್ನು ನಡೆಸಿಕೊಂಡು ಬಂದಿದ್ದಾರೆ. ಅದರಲ್ಲಿ ಬೈಲಕುಪ್ಪೆ, ಮುಂಡಗೋಡ ಮೊದಲಾದ ನೆಲೆಗಳ ತಂಡಗಳು ಆಯಾ ಊರಿನ ಹೆಸರನ್ನೇ ಹೊತ್ತು ಆಡುತ್ತವೆ. ಆಶ್ರಯ ಕೊಟ್ಟ ಕನ್ನಡ ನಾಡಿನ ಹಳ್ಳಿಯ ಹೆಸರು ಹೀಗೆ ಅವರ ಅಂಗಿಯ ಮೇಲೆ ಮೂಡಿದೆ. ಅದನ್ನು ಅವರಿಗೆ ಯಾರೂ ಬಲವಂತದಿಂದ ಅಂಟಿಸಲಿಲ್ಲ. ಬಾಳಿ ಬದುಕಿದ ನೆಲದ ಹೆಸರನ್ನು ತಾವೇ ತಮ್ಮದಾಗಿಸಿಕೊಂಡರು.

ಇದೇ ಜನ 'ಟಿಬೆಟ್' ಎಂಬ ಹೆಸರಿನಲ್ಲಿ ಮೈದಾನಕ್ಕೆ ಇಳಿದಾಗ ವಿವಾದವೆದ್ದಿತು. ಭಾರತ, ನೇಪಾಳಗಳ ನೆಲೆಗಳಲ್ಲಿ ಬೆಳೆದ ತರುಣರನ್ನು ಒಳಗೊಂಡ ತಂಡವೊಂದು 2001ರ ಜೂನ್ 30ರಂದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲೆಂಡಿನ ತಂಡವನ್ನು ಎದುರಿಸಿತು. ಇವೆರಡೂ ವಿಶ್ವ ಫುಟ್‌ಬಾಲ್ ಒಕ್ಕೂಟದ ಸದಸ್ಯತ್ವವಿಲ್ಲದ ತಂಡಗಳು. ಟಿಬೆಟ್ ಎಂಬ ಹೆಸರಿನ ತಂಡವೊಂದು ಆಡುವುದನ್ನೇ ಚೀನಾ ದೇಶ ವಿರೋಧಿಸಿತು. ವ್ಯಾಪಾರ ಸಂಬಂಧಗಳಿಗೆ ಧಕ್ಕೆಯಾಗಬಹುದೆಂಬ ಎಚ್ಚರಿಕೆಯ ಮಾತುಗಳೂ ಕೇಳಿಬಂದವು. ಆದರೂ ಆಟ ನಡೆಯಿತು. ಗ್ರೀನ್‌ಲೆಂಡ್ ನಾಲ್ಕು ಗೋಲುಗಳನ್ನು ಹೊಡೆದು ಗೆದ್ದಿತು. ಟಿಬೆಟ್ ಒಂದು ಗೋಲನ್ನು ಗಳಿಸಿತು. ಈ ತಂಡದ ಕತೆಯನ್ನು ಹೇಳುವ ಸಾಕ್ಷ್ಯಚಿತ್ರಕ್ಕೆ 'ನಿಷೇಧಿತ ತಂಡ' ಎಂಬ ಅರ್ಥದ ಹೆಸರನ್ನಿಟ್ಟರು. ಮುಂದೆ 2018ರಲ್ಲಿ ಲಂಡನ್ನಿನಲ್ಲಿ ಇಂಥದೇ ಮಾನ್ಯತೆಯಿಲ್ಲದ ತಂಡಗಳ ವಿಶ್ವ ಪಂದ್ಯಾವಳಿ ನಡೆದಾಗ ಟಿಬೆಟ್ ತಂಡ ಅದರಲ್ಲಿಯೂ ಆಡಿತು. ಟಿಬೆಟಿಯನ್ ಧ್ವಜದಲ್ಲಿ ಕಾಣುವ ಹಿಮಸಿಂಹವೇ ಈ ತಂಡಕ್ಕೆ ಅಡ್ಡಹೆಸರು. ಗೆಲುವಿಗಿಂತ ಹೆಚ್ಚಾಗಿ ತಮ್ಮ ಹೆಸರಿನಿಂದಲೇ ಕರೆಯಿಸಿಕೊಳ್ಳಬೇಕೆಂಬುದು ಆ ಆಟಗಾರರ ಹಂಬಲವಾಗಿತ್ತು.

ಬೈಲಕುಪ್ಪೆಯಿಂದ ಕಾವೇರಿಯನ್ನು ದಾಟಿದರೆ ಕೊಡಗು. ಅಲ್ಲಿ ಹೆಸರಿನ ಹೆಮ್ಮೆಗೆ ಮತ್ತೊಂದು ಉದಾಹರಣೆಯಿದೆ. ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಆರಂಭವಾಯಿತು. ಕೊಡವರಲ್ಲಿ ಒಂದೊಂದು ಮನೆತನಕ್ಕೆ 'ಒಕ್ಕ' ಎಂದು ಹೆಸರು. ಒಕ್ಕದ ಹೆಸರೇ ತಂಡದ ಹೆಸರು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡಬಹುದು, ಹೆಂಗಸರೂ ಆಡಬಹುದು. 1997ರಲ್ಲಿ ಅರವತ್ತು ತಂಡಗಳಿದ್ದುದು 2024ರಲ್ಲಿ 360ಕ್ಕೆ ಏರಿತು. ಅಷ್ಟು ತಂಡಗಳು ಸೇರಿದ ಆ ಪಂದ್ಯಾವಳಿ ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಸ್ಥಾನವನ್ನು ಪಡೆಯಿತು. ಹೆಸರು ತಮ್ಮದೇ, ಆಡುವವರೂ ತಾವೇ. ಹೀಗಿರುವಾಗ ಹೆಸರು ಹೆಮ್ಮೆಯಾಗುತ್ತದೆ. ಹಾಗೆಯೇ ಹೊಣೆಯೂ ಆಗುತ್ತದೆ. ಮೈದಾನದಲ್ಲಿ ಒಬ್ಬನು ತಪ್ಪಿ ನಡೆದರೆ ಮನೆತನದ ಹೆಸರಿಗೇ ಕುಂದು.

ಹಾಗಾದರೆ ಜನರು ತಮ್ಮ ಹೆಸರನ್ನು ತಾವೇ ಇಟ್ಟುಕೊಂಡರೆ ಎಲ್ಲವೂ ಸರಿಯಾದಂತೆಯೆ? ಇಲ್ಲ. ಆ ಹೆಸರಿನ ಕೆಳಗೆ ಎಲ್ಲರಿಗೂ ಸಮನಾದ ಸ್ಥಾನವಿದೆಯೆ ಎಂಬುದನ್ನೂ ನೋಡಬೇಕು. ಭಾರತದ ಕ್ರಿಕೆಟ್ಟಿನ ಚರಿತ್ರೆಯಲ್ಲಿ ಇದಕ್ಕೆ ಒಂದು ನಿದರ್ಶನವುಂಟು. ಮುಂಬಯಿಯಲ್ಲಿ ಬಹುಕಾಲ ತಂಡಗಳು ಮತ, ಜನಾಂಗಗಳ ಹೆಸರಿನಲ್ಲಿಯೇ ಆಡುತ್ತಿದ್ದವು. ಯೂರೋಪಿಯನ್ನರು, ಪಾರ್ಸಿಗಳು ಮೊದಲು ಆಡಿದರು. 1907ರಲ್ಲಿ ಹಿಂದೂಗಳ ತಂಡವೂ 1912ರಲ್ಲಿ ಮುಸಲ್ಮಾನರ ತಂಡವೂ ಸೇರಿದವು. 1937ರಲ್ಲಿ ಕ್ರೈಸ್ತರು ಮೊದಲಾದ ಉಳಿದವರನ್ನೆಲ್ಲ ಕೂಡಿಸಿ 'ಇತರರು' ಎಂಬ ಐದನೆಯ ತಂಡವನ್ನು ಮಾಡಿದರು. ತಮಗೆ ಸ್ವಂತ ಹೆಸರೇ ಇಲ್ಲವೆಂಬಂತೆ 'ಇತರರು' ಎನಿಸಿಕೊಂಡು ಆಡಬೇಕಾದುದು ಎಂಥ ಸ್ಥಿತಿ! ಆ ತಂಡದಲ್ಲಿ ಆಡಿದವರಲ್ಲಿ ಹೆಸರಾಂತ ಬ್ಯಾಟುಗಾರ ವಿಜಯ ಹಜಾರೆಯವರೂ ಒಬ್ಬರು.

ಹಿಂದೂಗಳ ತಂಡದಲ್ಲಿ ಪಾಲ್ವಣಕರ ಬಾಳೂ ಎಂಬ ಬೌಲರು ಇದ್ದರು. ಅವರು ಹುಟ್ಟಿದುದು ಧಾರವಾಡದಲ್ಲಿ. 1911ರಲ್ಲಿ ಭಾರತೀಯ ತಂಡದೊಡನೆ ಇಂಗ್ಲೆಂಡಿಗೆ ಹೋಗಿ ಆ ಪ್ರವಾಸದಲ್ಲಿ 114 ವಿಕೆಟ್‌ಗಳನ್ನು ಪಡೆದ ಅಸಾಧಾರಣ ಆಟಗಾರರು ಅವರು. ಆದರೆ ಅವರು ಅಂದು ಅಸ್ಪೃಶ್ಯವೆಂದು ಎಣಿಸಲಾಗಿದ್ದ ಸಮುದಾಯಕ್ಕೆ ಸೇರಿದವರು. ಪುಣೆಯಲ್ಲಿ ಆಡುತ್ತಿದ್ದಾಗ, ಅವರು ಎಸೆದ ಚೆಂಡನ್ನು ಕೈಯಿಂದ ಮುಟ್ಟುತ್ತಿದ್ದ ಜೊತೆಗಾರರೇ ವಿರಾಮದ ವೇಳೆಯಲ್ಲಿ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಚಹ ಕೊಡುತ್ತಿದ್ದರು. ಹಿಂದೂಗಳೆಂಬ ಹೆಸರಿನ ತಂಡವನ್ನು ಅವರು ಎಷ್ಟೋ ಸಲ ಗೆಲ್ಲಿಸಿದರೂ ಅದರ ನಾಯಕತ್ವ ಅವರಿಗೆ ದಕ್ಕಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲರು ನಾಯಕರಾದಾಗ ಈ ಅನ್ಯಾಯ ಸ್ವಲ್ಪಮಟ್ಟಿಗೆ ಸರಿಹೋಯಿತು. 1940ರಲ್ಲಿ ಗಾಂಧೀಜಿಯವರು ಈ ಪಂದ್ಯಗಳ ಬಗೆಗೆ ತಮ್ಮ ಅಸಮ್ಮತಿಯನ್ನು ತಿಳಿಸಿದರು. ಕಾಲೇಜುಗಳ ನಡುವೆ, ಸಂಸ್ಥೆಗಳ ನಡುವೆ ಪಂದ್ಯ ನಡೆಯುವುದು ಸಹಜ; ಮತಗಳ ನಡುವೆ ಏತಕ್ಕೆ ಎಂಬುದು ಅವರ ಪ್ರಶ್ನೆಯ ಸಾರ. 1946ರ ವೇಳೆಗೆ ಆ ಪಂದ್ಯಾವಳಿ ಕೊನೆಗೊಂಡಿತು.

ಇಲ್ಲಿಯವರೆಗೆ ಹೇಳಿದ ಹೆಸರುಗಳನ್ನು ಹೊತ್ತವರು ಬಹುಮಟ್ಟಿಗೆ ಆ ಹೆಸರಿನವರೇ ಆಗಿದ್ದರು. ಒಂದು ಜನಾಂಗದ ಹೆಸರನ್ನು ಬೇರೆಯವರು ಕಿತ್ತುಕೊಂಡು ಆಟಕ್ಕೆ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳು ದೊಡ್ಡ ನಿದರ್ಶನ. ಆ ದೇಶದ ಮೂಲನಿವಾಸಿಗಳಿಗೆ 'ಇಂಡಿಯನ್ನರು' ಎಂಬ ಹೆಸರು ಬಂದುದೇ ಒಂದು ತಪ್ಪಿನಿಂದ. 1492ರಲ್ಲಿ ಕೊಲಂಬಸ್ಸನು ತಾನು ಏಷ್ಯದ ಇಂಡೀಸ್ ನಾಡುಗಳನ್ನು ಮುಟ್ಟಿದೆನೆಂದು ಭ್ರಮಿಸಿ ಅಲ್ಲಿಯ ಜನರನ್ನು ಹಾಗೆ ಕರೆದನು. ಕನ್ನಡ ಪುಸ್ತಕಗಳೂ ಬಹುಕಾಲ ಅವರನ್ನು 'ರೆಡ್ ಇಂಡಿಯನ್ನರು' ಎಂದೇ ಬರೆದವು. ನೆಲವನ್ನು ಕಳೆದುಕೊಂಡ ಆ ಜನರ ಹೆಸರುಗಳನ್ನೂ ಮುಖಗಳನ್ನೂ ಮುಂದೆ ನೂರಾರು ಶಾಲಾ ಕಾಲೇಜುಗಳು ತಮ್ಮ ತಂಡಗಳಿಗೆ ಇಟ್ಟುಕೊಂಡವು. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಮೂಲನಿವಾಸಿಗಳು ಮಾತ್ರ ಅತಿ ವಿರಳ.

ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1926ರಿಂದ ಒಂದು ಪದ್ಧತಿ ಬೆಳೆದು ಬಂದಿತು. ಆಟದ ಮಧ್ಯಂತರದಲ್ಲಿ ವಿದ್ಯಾರ್ಥಿಯೊಬ್ಬನು ಹದ್ದಿನ ಗರಿಗಳ ಕಿರೀಟವನ್ನು ಧರಿಸಿ, ಮೂಲನಿವಾಸಿ ನಾಯಕನ ವೇಷದಲ್ಲಿ ಬಂದು ಕುಣಿಯುತ್ತಿದ್ದನು. ಮೂಲನಿವಾಸಿಗಳಲ್ಲಿ ಆ ಗರಿಗಳು ಪವಿತ್ರವಾದುವು. ಯೋಗ್ಯತೆಯಿಂದ ಗಳಿಸಿದವರು ಮಾತ್ರ ಧರಿಸತಕ್ಕವು. 1989ರಲ್ಲಿ ಅಲ್ಲಿ ಚಿತ್ರಕಲೆಯನ್ನು ಓದುತ್ತಿದ್ದ ಸ್ಪೋಕೇನ್ ಜನಾಂಗದ ಚಾರ್ಲೀನ್ ಟೀಟರ್ಸ್ ಎಂಬ ಮಹಿಳೆ ತಮ್ಮ ಇಬ್ಬರು ಮಕ್ಕಳನ್ನು ಪಂದ್ಯ ನೋಡಲು ಕರೆದುಕೊಂಡು ಹೋದರು. ವೇಷಧಾರಿ ಕುಣಿಯತೊಡಗಿದಾಗ ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಮಾತ್ರ ತಮ್ಮ ಆಸನದಲ್ಲಿ ಕುಗ್ಗಿಹೋದರು. ಮರುದಿನಗಳಿಂದ ಆ ತಾಯಿ ಒಂದು ಫಲಕವನ್ನು ಹಿಡಿದು ಕ್ರೀಡಾಂಗಣದ ಹೊರಗೆ ಒಬ್ಬರೇ ನಿಲ್ಲತೊಡಗಿದರು. ಹಾದು ಹೋಗುವವರು ಬೈದರು, ಕೆಲವರು ಉಗುಳಿದರು. ಅವರು ಕದಲಲಿಲ್ಲ. 2000ದಲ್ಲಿ ಇಲಿನಾಯ್ ಜನರ ವಂಶಸ್ಥರಾದ ಪಿಯೋರಿಯಾ ಜನಾಂಗದ ಮಂಡಲಿಯೂ ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ಕೇಳಿತು. ಕೊನೆಗೆ 2007ರಲ್ಲಿ ಆ ಕುಣಿತ ನಿಂತಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು ತನ್ನ ಮೂಲನಿವಾಸಿ ವಿದ್ಯಾರ್ಥಿಗಳ ಮನವಿಯನ್ನು ಮನ್ನಿಸಿ 1972ರಲ್ಲಿಯೇ ಇಂಥ ಹೆಸರನ್ನು ಕೈಬಿಟ್ಟಿತ್ತು. 2005ರಲ್ಲಿ ಆ ದೇಶದ ಕಾಲೇಜು ಕ್ರೀಡಾ ಸಂಘವು ಹದಿನೆಂಟು ಸಂಸ್ಥೆಗಳನ್ನು ಹೆಸರಿಸಿ, ಅವಹೇಳನಕಾರಿಯಾದ ಜನಾಂಗೀಯ ಹೆಸರುಗಳನ್ನೂ ಲಾಂಛನಗಳನ್ನೂ ತನ್ನ ಮುಖ್ಯ ಪಂದ್ಯಾವಳಿಗಳಲ್ಲಿ ತೋರಿಸಕೂಡದೆಂದು ನಿಯಮಿಸಿತು. ವೃತ್ತಿಪರ ತಂಡಗಳೂ ಬದಲಾದವು. 'ಕೆಂಪು ಚರ್ಮದವರು' ಎಂಬ ಅರ್ಥದ ಹೆಸರನ್ನು ವಾಷಿಂಗ್ಟನ್ ನಗರದ ತಂಡ 2020ರಲ್ಲಿ ತ್ಯಜಿಸಿತು.

ಈ ಬದಲಾವಣೆಯನ್ನು ವಿರೋಧಿಸಿದವರೂ ಉಂಟು. ಅವರ ವಾದವನ್ನೂ ಕೇಳಬೇಕು. ಶೂರರೆಂಬ ಗೌರವದಿಂದಲೇ ಆ ಹೆಸರನ್ನು ಇಡಲಾಗಿದೆ, ಅದು ಹಲವು ತಲೆಮಾರುಗಳ ಸಂಪ್ರದಾಯ, ಹಳೆಯ ವಿದ್ಯಾರ್ಥಿಗಳ ನೆನಪುಗಳು ಅದರೊಡನೆ ಬೆಸೆದುಕೊಂಡಿವೆ ಎಂದು ಅವರು ಹೇಳಿದರು. ಮೂಲನಿವಾಸಿಗಳೆಲ್ಲರೂ ಒಂದೇ ಅಭಿಪ್ರಾಯದವರೂ ಅಲ್ಲ. ಫ್ಲಾರಿಡ ರಾಜ್ಯ ವಿಶ್ವವಿದ್ಯಾನಿಲಯದ ತಂಡಕ್ಕೆ 'ಸೆಮಿನೋಲ್' ಎಂದು ಹೆಸರು. ಫ್ಲಾರಿಡದ ಸೆಮಿನೋಲ್ ಜನಾಂಗದ ಮಂಡಲಿ ಅದಕ್ಕೆ ಒಪ್ಪಿಗೆಯನ್ನಿತ್ತಿದೆ. ಆದುದರಿಂದ ಆ ಹೆಸರು ಉಳಿಯಿತು. ನಾರ್ತ್ ಡಕೋಟ ವಿಶ್ವವಿದ್ಯಾನಿಲಯದ ತಂಡಕ್ಕೆ 'ಸೂ' ಜನಾಂಗದ ಹೆಸರಿತ್ತು. ಅಲ್ಲಿ ಆ ಜನಾಂಗದ ಒಂದು ಪಂಗಡ ಒಪ್ಪಿತು, ಮತ್ತೊಂದು ಒಪ್ಪಲಿಲ್ಲ. 2012ರಲ್ಲಿ ಆ ರಾಜ್ಯದ ಮತದಾರರು ಆ ಹೆಸರನ್ನು ಬಿಡುವುದಕ್ಕೆ ಸಮ್ಮತಿಯಿತ್ತರು. ಇದರಿಂದ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ಇಟ್ಟವರ ಉದ್ದೇಶ ಒಳ್ಳೆಯದಾಗಿದ್ದರೆ ಸಾಲದು. ಹೆಸರಿನ ಒಡೆಯರ ಸಮ್ಮತಿ ಬೇಕು. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯಲ್ಲಿ ಬೆಕ್ಕಿನ ಉದ್ದೇಶವನ್ನು ಯಾರೂ ವಿಚಾರಿಸುವುದಿಲ್ಲ. ಇಂಥ ಲಾಂಛನಗಳನ್ನು ನೋಡಿದ ಮೂಲನಿವಾಸಿ ವಿದ್ಯಾರ್ಥಿಗಳಲ್ಲಿ ಆತ್ಮಗೌರವ ಕುಗ್ಗುವುದೆಂದು 2008ರಲ್ಲಿ ಪ್ರಕಟವಾದ ಮನೋವಿಜ್ಞಾನದ ಸಂಶೋಧನೆಯೂ ತಿಳಿಸಿತು.

ಇದು ಕೇವಲ ಪರದೇಶದ ಮಾತೆಂದು ತಿಳಿಯಬಾರದು. ಕರಾವಳಿಯಲ್ಲಿ ವಾಸಿಸುವ ಕೊರಗರು ಬುಟ್ಟಿ ಹೆಣೆಯುವುದರಲ್ಲಿ ನಿಪುಣರು; ಡೋಲು ಬಾರಿಸುವುದರಲ್ಲಿ ಎತ್ತಿದ ಕೈ. ಕೆಲವೆಡೆ ಕಂಬಳದ ಓಟಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವ ಪದ್ಧತಿಯಿತ್ತು. 'ಅಜಲು' ಎಂಬ ಹೆಸರಿನ ಇಂಥ ಅಮಾನುಷ ಆಚರಣೆಗಳನ್ನು ಕರ್ನಾಟಕ ಸರ್ಕಾರವು 2000ದಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಹಬ್ಬದ ದಿನಗಳಲ್ಲಿ ಬೇರೆಯವರು ಮೈಗೆ ಮಸಿ ಬಳಿದುಕೊಂಡು ಕೊರಗರ ವೇಷವನ್ನು ಹಾಕಿ ಬೀದಿಯಲ್ಲಿ ಕುಣಿಯುವುದನ್ನೂ ಆ ಸಮುದಾಯ ವಿರೋಧಿಸಿತು. ನೋಡುವವರಿಗೆ ಅದು ವಿನೋದ. ಅವರಿಗೆ ಅದು ತಮ್ಮ ಬಾಳಿನ ಅಣಕ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಾಡಿಗಳಲ್ಲಿ ಜೇನುಕುರುಬರು ವಾಸಿಸುತ್ತಾರೆ. ಅವರ ಮಕ್ಕಳು ಇತರ ಮಕ್ಕಳೊಡನೆ ಶಾಲೆಗಳಲ್ಲಿ ಓದುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಕೆಲವು ಮಕ್ಕಳು ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಕಪ್ಪು ಬಳಿದು, 'ಕಾಡುಜನ'ರೆಂದು ಕೂಗುತ್ತ ಕುಣಿಯುವುದುಂಟು. ಆಗ ಸಭೆಯಲ್ಲಿ ಕುಳಿತಿರುವ ಹಾಡಿಯ ಮಗುವಿನ ಮನಸ್ಸು ಏನೆಂದುಕೊಂಡೀತು? ಅದರ ತಾಯಿತಂದೆಯರು ಸೊಪ್ಪು ಕಟ್ಟಿಕೊಂಡು ಕೂಗುವವರಲ್ಲ. ಕಾಡಿನ ಮರ, ಬಳ್ಳಿ, ಜೇನುಗಳ ವಿಷಯದಲ್ಲಿ ಅವರಿಗಿರುವ ತಿಳಿವಳಿಕೆ ಪೇಟೆಯವರಿಗಿಲ್ಲ. ಆ ತಿಳಿವಳಿಕೆಯನ್ನು ಬಿಟ್ಟು ಇಲ್ಲದ ಒಂದು ವೇಷವನ್ನು ಅವರ ಹೆಸರಿಗೆ ಅಂಟಿಸುವುದು ನ್ಯಾಯವಲ್ಲ. ಬೈಲಕುಪ್ಪೆಯ ಟಿಬೆಟಿಯನ್ ಬಾಲಕನನ್ನು ಅವನ ಕಣ್ಣು ಮೂಗುಗಳ ಆಕಾರದಿಂದ ಅಡ್ಡಹೆಸರಿಟ್ಟು ಕೂಗುವುದೂ ಇದೇ ಬಗೆಯ ತಪ್ಪು. ಅವನಿಗೆ ಒಂದು ಹೆಸರಿದೆ; ಕೇಳಿದರೆ ಅವನೇ ಹೇಳುತ್ತಾನೆ.

ಆಟವೆಂದರೆ ಸಂತೋಷ. ಒಬ್ಬರ ಸಂತೋಷಕ್ಕಾಗಿ ಇನ್ನೊಬ್ಬರ ಮಾನವನ್ನು ಬಲಿಗೊಡಬೇಕಾದರೆ ಅದು ಆಟವೆನಿಸದು. ತಂಡಕ್ಕೆ ಹೆಸರಿಡುವಾಗ, ವೇಷ ಹಾಕುವಾಗ, ಗೆಳೆಯನನ್ನು ಕರೆಯುವಾಗ ಒಂದು ಪರೀಕ್ಷೆಯನ್ನು ಮಾಡಿಕೊಂಡರೆ ಸಾಕು: ಆ ಹೆಸರಿನವರು ಪ್ರೇಕ್ಷಕರ ನಡುವೆ ಕುಳಿತಿದ್ದರೆ ಅವರೂ ಎಲ್ಲರೊಡನೆ ಮನಸಾರೆ ಚಪ್ಪಾಳೆ ತಟ್ಟುವರೆ? ತಟ್ಟುವರೆಂದಾದರೆ ಆ ಹೆಸರು ಗೌರವ. ಅವರು ತಲೆ ತಗ್ಗಿಸುವರೆಂದಾದರೆ ಆ ಹೆಸರನ್ನು ಅವರಿಗೆ ಹಿಂದಿರುಗಿಸುವುದೇ ಧರ್ಮ.

ಅಭ್ಯಾಸ

1. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರ ನೆಲೆ ಆರಂಭವಾದುದು ಯಾವಾಗ? ಏಕೆ?
2. 2001ರ ಕೋಪನ್‌ಹೇಗನ್ ಪಂದ್ಯಕ್ಕೆ ವಿರೋಧ ಬಂದುದಕ್ಕೆ ಕಾರಣವೇನು?
3. ಪಾಲ್ವಣಕರ ಬಾಳೂ ಅವರಿಗೆ ಆದ ಅನ್ಯಾಯವನ್ನು ವಿವರಿಸಿರಿ.
4. ಫ್ಲಾರಿಡದ ತಂಡದ ಹೆಸರು ಉಳಿಯಿತು. ಇಲಿನಾಯ್ ವೇಷಧಾರಿಯ ಕುಣಿತ ನಿಂತಿತು. ಈ ವ್ಯತ್ಯಾಸಕ್ಕೆ ಕಾರಣವೇನು?
5. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯು ಈ ಪಾಠಕ್ಕೆ ಹೇಗೆ ಹೊಂದುತ್ತದೆ? ನಿಮ್ಮ ಮಾತುಗಳಲ್ಲಿ ಬರೆಯಿರಿ.